ಇದೆಯೋ ಇಲ್ಲವೋ? ಗಣಕಯಂತ್ರವು ಕನ್ನಡ ಪದವನ್ನು ಹುಡುಕುವ ಬಗೆ



ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೊರಟ ರೈಲುಗಾಡಿಯಲ್ಲಿ ಕುಳಿತರೆ ಮೊದಲು ಹಾವೇರಿ, ಅನಂತರ ಬ್ಯಾಡಗಿ, ಆಮೇಲೆ ರಾಣೆಬೆನ್ನೂರು ಬರುತ್ತವೆ. ಇಳಿಯಬೇಕಾದವರು ಕಿಟಕಿಯಿಂದ ಹಣಕಿ ನಿಲ್ದಾಣದ ಫಲಕವನ್ನು ನೋಡುತ್ತಾರೆ. ಒಂದು ಕಡೆ ‘ರಾಣೆಬೆನ್ನೂರು’ ಎಂದು, ಇನ್ನೊಂದು ಕಡೆ ‘ರಾಣಿಬೆನ್ನೂರು’ ಎಂದು ಬರೆದಿದ್ದರೂ ಯಾರೂ ಗೊಂದಲಕ್ಕೆ ಬೀಳುವುದಿಲ್ಲ; ಎರಡೂ ಒಂದೇ ಊರೆಂದು ತಿಳಿದು ಗಂಟುಮೂಟೆ ಎತ್ತಿಕೊಂಡು ಇಳಿಯುತ್ತಾರೆ. ನಮ್ಮ ಕಣ್ಣು ಅಕ್ಷರಗಳನ್ನು ಓದುತ್ತದೆ, ಮನಸ್ಸು ಊರನ್ನು ಗುರುತಿಸುತ್ತದೆ.

ಗಣಕಯಂತ್ರಕ್ಕೆ ಈ ಎರಡನೆಯ ಶಕ್ತಿ ತಾನಾಗಿ ಬಂದಿಲ್ಲ. ‘ಈ ಬರಹದಲ್ಲಿ ಈ ಪದ ಇದೆಯೆ?’ ಎಂದು ಕೇಳಿದರೆ ಅದು ‘ಇದೆ’ ಅಥವಾ ‘ಇಲ್ಲ’ ಎಂದು ಕ್ಷಣಮಾತ್ರದಲ್ಲಿ ಹೇಳುತ್ತದೆ. ಆದರೆ ಆ ‘ಇಲ್ಲ’ ಎಂಬ ಮಾತಿನ ನಿಜವಾದ ಅರ್ಥವೇನು? ಅದನ್ನು ತಿಳಿಯದೆ ನಂಬಿದರೆ ಏನಾಗುತ್ತದೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ. ದೂರದರ್ಶನದ ಪರದೆಯ ಮೇಲೆ ಚಿತ್ರ ಸರಿದುಹೋಗುತ್ತದೆ; ಕೈಯಲ್ಲಿರುವ ಪುಟವನ್ನು ನಿಧಾನವಾಗಿ, ಪೆನ್ಸಿಲ್ ಹಿಡಿದು ಓದಬಹುದು.

ತುಂಡುಗಳನ್ನು ಜೋಡಿಸುವ ಭಾಷೆ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಸಾಲು ಸಾಲಾಗಿ ಬರೆದುಕೊಡುವುದು ಹಳೆಯ ಪದ್ಧತಿ. ಒಂದು ಚುಕ್ಕೆ ತಪ್ಪಿದರೂ ಅದು ಮುಂದೆ ಸಾಗುವುದಿಲ್ಲ. ಇದಕ್ಕೆ ಬದಲಾಗಿ ಚಿತ್ರದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಪ್ರೋಗ್ರಾಂ ಕಟ್ಟುವ ಭಾಷೆಗಳಿವೆ. ಅಮೆರಿಕದ ಎಂ.ಐ.ಟಿ. ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಎಲ್ಲರಿಗೂ ಒದಗಿಸಿದ ‘ಸ್ಕ್ರ್ಯಾಚ್’ ಇಂಥದೊಂದು. ಇದರ ತುಂಡುಗಳನ್ನು ಬ್ಲಾಕ್ ಎನ್ನುತ್ತಾರೆ. ಲೆಕ್ಕ ಮಾಡುವ ಮತ್ತು ಹೋಲಿಸುವ ಬ್ಲಾಕ್‌ಗಳಿಗೆ ಹಸಿರು ಬಣ್ಣ. ‘ಹೌದು’ ಅಥವಾ ‘ಅಲ್ಲ’ ಎಂದು ಉತ್ತರ ಕೊಡುವ ಬ್ಲಾಕ್‌ನ ಎರಡೂ ತುದಿ ಚೂಪಾಗಿರುತ್ತವೆ.

ಇವುಗಳಲ್ಲಿ ‘ಕಂಟೇನ್ಸ್’ ಎಂಬ ಹಸಿರು ಬ್ಲಾಕ್ ನಮಗೆ ಮುಖ್ಯ. ಅದರಲ್ಲಿ ಎರಡು ಖಾಲಿ ಜಾಗಗಳಿವೆ. ಎಡಗಡೆಯದರಲ್ಲಿ ಬರಹವನ್ನೂ ಬಲಗಡೆಯದರಲ್ಲಿ ಹುಡುಕಬೇಕಾದುದನ್ನೂ ತುಂಬಬೇಕು. ಹುಡುಕಬೇಕಾದುದನ್ನು ನಾವು ‘ನಮೂನೆ’ ಎಂದು ಕರೆಯೋಣ. ಈ ಬ್ಲಾಕ್ 2019ರ ಜನವರಿಯಲ್ಲಿ ಬಂದ ಸ್ಕ್ರ್ಯಾಚ್‌ನ ಮೂರನೆಯ ಆವೃತ್ತಿಯಲ್ಲಿ ಸೇರಿತು. ಅದಕ್ಕೆ ಮೊದಲು ಮಕ್ಕಳು ಒಂದೊಂದೇ ಅಕ್ಷರವನ್ನು ತೆಗೆದು ಹೋಲಿಸುವ ಉದ್ದನೆಯ ಪ್ರೋಗ್ರಾಂ ಕಟ್ಟಬೇಕಾಗುತ್ತಿತ್ತು.

ಹತ್ತು ಉತ್ತರಗಳ ಕಥೆ

ಈಗ ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಹಾವೇರಿ ಜಿಲ್ಲೆಯ ಒಂದು ಕಾಲೇಜಿನ ವಿದ್ಯಾರ್ಥಿಗಳು ಬೆಳಗಿನ ವೇಳೆಗೆ ಒಂದು ಹೆಚ್ಚಿನ ಬಸ್ಸು ಬೇಕೆಂದು ಕೇಳಬೇಕಾಗಿದೆ. ಯಾವ ಊರಿನ ದಾರಿಗೆ ಕೇಳುವುದು? ಹೆಚ್ಚು ಜನ ಬರುವ ಊರಿನ ದಾರಿಗೆ. ‘ನೀವು ಎಲ್ಲಿಂದ ಬರುತ್ತೀರಿ?’ ಎಂಬ ಪ್ರಶ್ನೆಗೆ ಹತ್ತು ಮಂದಿ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಬರೆದುಕೊಟ್ಟಿದ್ದಾರೆ:

1. ಹಾವೇರಿ
2. ಹಾವೇರಿಯಿಂದ ಬರುತ್ತೇನೆ
3. ರಾಣೆಬೆನ್ನೂರು
4. ರಾಣೆಬೆನ್ನೂರಿನಿಂದ
5. ಬ್ಯಾಡಗಿ
6. ನಮ್ಮೂರು ಮೋಟೆಬೆನ್ನೂರು
7. ರಾಣಿಬೆನ್ನೂರು
8. ನಾನು ಬ್ಯಾಡಗಿಯವಳು
9. ರಾಣೆಬೆನ್ನೂರಲ್ಲಿ ಮನೆ
10. ಹಾವೇರಿ, ನನಗ ಬಸ್ ಬ್ಯಾಡ, ಸೈಕಲ್ ಐತಿ

ಕೈಯಲ್ಲಿ ಎಣಿಸಿದರೆ ರಾಣೆಬೆನ್ನೂರಿನವರು ನಾಲ್ವರು, ಹಾವೇರಿಯವರು ಮೂವರು, ಬ್ಯಾಡಗಿಯವರು ಇಬ್ಬರು, ಮೋಟೆಬೆನ್ನೂರಿನವರು ಒಬ್ಬರು. ಹತ್ತು ಉತ್ತರಗಳಾದರೆ ಕೈ ಸಾಕು. ಸಾವಿರವಾದರೆ ಗಣಕಯಂತ್ರವೇ ಬೇಕು.

ಪ್ರೋಗ್ರಾಂ ಹೀಗಿರುತ್ತದೆ. ಉತ್ತರಗಳನ್ನೆಲ್ಲ ಒಂದು ಪಟ್ಟಿಯಲ್ಲಿ ತುಂಬುವುದು. ‘ಎಣಿಕೆ’ ಎಂಬ ಚರಾಂಕಕ್ಕೆ ಸೊನ್ನೆಯನ್ನೂ ‘ಕ್ರಮಾಂಕ’ ಎಂಬ ಚರಾಂಕಕ್ಕೆ ಒಂದನ್ನೂ ಕೊಡುವುದು. ಹತ್ತು ಸಲ ಸುತ್ತುವ ಬ್ಲಾಕ್‌ನ ಒಳಗೆ ‘ಪಟ್ಟಿಯ ಈ ಕ್ರಮಾಂಕದ ಉತ್ತರದಲ್ಲಿ ರಾಣೆಬೆನ್ನೂರು ಇದ್ದರೆ ಎಣಿಕೆಗೆ ಒಂದು ಕೂಡಿಸು’ ಎಂಬ ಷರತ್ತನ್ನು ಇಡುವುದು. ಪ್ರತಿ ಸುತ್ತಿನ ಕೊನೆಗೆ ಕ್ರಮಾಂಕಕ್ಕೂ ಒಂದು ಕೂಡಿಸುವುದು. ಅಷ್ಟೇ.

ಓಡಿಸಿ ನೋಡಿದರೆ ಹಾವೇರಿ 3, ಬ್ಯಾಡಗಿ 2 ಎಂದು ಸರಿಯಾದ ಉತ್ತರವೇ ಬರುತ್ತದೆ. ಆದರೆ ರಾಣೆಬೆನ್ನೂರು? ಕೇವಲ 1! ಎಲ್ಲರಿಗಿಂತ ಹೆಚ್ಚು ಜನರಿದ್ದ ಊರು ಎಲ್ಲರಿಗಿಂತ ಹಿಂದೆ ಬಿತ್ತು. ಈ ಲೆಕ್ಕವನ್ನು ಅರ್ಜಿಗೆ ಲಗತ್ತಿಸಿದರೆ ಬಸ್ಸು ಬೇರೆ ದಾರಿಗೆ ಹೋಗುತ್ತದೆ. ಯಂತ್ರ ಕೆಟ್ಟಿಲ್ಲ, ಬ್ಲಾಕ್‌ಗಳ ಜೋಡಣೆಯಲ್ಲಿಯೂ ತಪ್ಪಿಲ್ಲ. ಹಾಗಾದರೆ ಮೂವರು ಎಲ್ಲಿ ಮಾಯವಾದರು?

ಯಂತ್ರ ಕಾಣುವ ಕಾಗುಣಿತ

ಇದಕ್ಕೆ ಉತ್ತರ ನಮ್ಮ ಒಂದನೆಯ ತರಗತಿಯ ಕಾಗುಣಿತದಲ್ಲಿದೆ. ‘ಹಾವೇರಿ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ: ಹಾ, ವೇ, ರಿ. ಸ್ಕ್ರ್ಯಾಚ್‌ನಲ್ಲಿ ಪದದ ಉದ್ದವನ್ನು ಹೇಳುವ ಹಸಿರು ಬ್ಲಾಕ್‌ಗೆ ಈ ಪದವನ್ನು ಕೊಟ್ಟರೆ ಅದು 6 ಎನ್ನುತ್ತದೆ. ಏಕೆಂದರೆ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ವ್ಯಂಜನಕ್ಕೊಂದು ಸಂಕೇತ, ಅದರ ಮೇಲೆ ಹಾಕುವ ಗುರುತಿಗೆ ಇನ್ನೊಂದು ಸಂಕೇತ. ಹ, ಇಳಿ, ವ, ಏತ್ವದ ದೀರ್ಘ, ರ, ಗುಡಿಸು – ಒಟ್ಟು ಆರು. ಒತ್ತಕ್ಷರವಿದ್ದಲ್ಲಿ ಎರಡು ವ್ಯಂಜನಗಳ ನಡುವೆ ಹಲಂತದ ಗುರುತೂ ಒಂದು ಸಂಕೇತವಾಗಿ ಸೇರಿಕೊಳ್ಳುತ್ತದೆ. ಆದುದರಿಂದ ‘ಬ್ಯಾಡಗಿ’ಯ ಉದ್ದ 7, ‘ರಾಣೆಬೆನ್ನೂರು’ ಪದದ ಉದ್ದ 12.

ಮಾಸ್ತರರು ‘ರಕ್ಕೆ ಗುಡಿಸು ಕೊಟ್ಟರೆ ರಿ, ಕೊಂಬು ಕೊಟ್ಟರೆ ರು’ ಎಂದು ಹೇಳಿಕೊಡುತ್ತಿದ್ದರಲ್ಲವೆ? ಯಂತ್ರವೂ ಅದನ್ನೇ ನಂಬಿಕೊಂಡಿದೆ. ಅದಕ್ಕೆ ‘ರು’ ಎಂದರೆ ರ ಮತ್ತು ಕೊಂಬು. ‘ರಿ’ ಎಂದರೆ ರ ಮತ್ತು ಗುಡಿಸು. ‘ಹಾವೇರಿ’ಯಲ್ಲಿ ‘ರ’ ಇದೆಯೆ ಎಂದು ಕೇಳಿದರೆ ನಾವು ‘ಇಲ್ಲ, ರಿ ಇದೆ’ ಎನ್ನುತ್ತೇವೆ. ಯಂತ್ರ ‘ಇದೆ’ ಎನ್ನುತ್ತದೆ. ಈ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಿ. ಮುಂದೆ ನಮಗೆ ದಾರಿ ತೋರಿಸುವುದು ಇದೇ.

ಹುಡುಕಾಟ ನಡೆಯುವ ರೀತಿ

‘ಮೋಟೆಬೆನ್ನೂರು’ ಎಂಬ ಬರಹದಲ್ಲಿ ‘ಬೆನ್ನೂರು’ ಎಂಬ ನಮೂನೆಯನ್ನು ಹುಡುಕೋಣ. ಬರಹದಲ್ಲಿ 12 ಸಂಕೇತ, ನಮೂನೆಯಲ್ಲಿ 8. ಎರಡು ಕಾಗದದ ಪಟ್ಟಿಗಳ ಮೇಲೆ ಇವನ್ನು ಬರೆದು, ಚಿಕ್ಕ ಪಟ್ಟಿಯನ್ನು ದೊಡ್ಡ ಪಟ್ಟಿಯ ಕೆಳಗೆ ಮೊದಲ ಮನೆಯಿಂದ ಹಿಡಿಯಿರಿ. ಮ ಮತ್ತು ಬ ಹೊಂದುವುದಿಲ್ಲ. ಒಂದು ಮನೆ ಬಲಕ್ಕೆ ಸರಿಸಿ. ಮತ್ತೆ ಹೊಂದುವುದಿಲ್ಲ. ಹೀಗೆ ಸರಿಸುತ್ತ ಹೋದರೆ ಐದನೆಯ ಸಲ ಎಂಟು ಸಂಕೇತಗಳೂ ಒಂದಕ್ಕೊಂದು ಹೊಂದುತ್ತವೆ. ಉತ್ತರ: ‘ಇದೆ’. ಒಂದು ವೇಳೆ ಕೊನೆಯವರೆಗೂ ಹೊಂದದಿದ್ದರೆ ಉತ್ತರ ‘ಇಲ್ಲ’. ನಮೂನೆಯೇ ಬರಹಕ್ಕಿಂತ ಉದ್ದವಾಗಿದ್ದರೆ ಹುಡುಕುವ ಅಗತ್ಯವೇ ಇಲ್ಲ. ಆರು ಸಂಕೇತದ ಹಾವೇರಿಯಲ್ಲಿ ಎಂಟು ಸಂಕೇತದ ಬೆನ್ನೂರು ಇರಲು ಸಾಧ್ಯವಿಲ್ಲ.

ಇದಕ್ಕಿಂತ ಜಾಣತನದ ದಾರಿಯೂ ಇದೆ. 1977ರಲ್ಲಿ ಬಾಯರ್ ಮತ್ತು ಮೂರ್ ಎಂಬ ಇಬ್ಬರು ವಿಜ್ಞಾನಿಗಳು ‘ಮೊದಲ ಸಂಕೇತದಿಂದಲ್ಲ, ಕೊನೆಯ ಸಂಕೇತದಿಂದ ಹೋಲಿಸಿ’ ಎಂಬ ಉಪಾಯವನ್ನು ಪ್ರಕಟಿಸಿದರು. ನಮ್ಮ ಉದಾಹರಣೆಯಲ್ಲಿ ಚಿಕ್ಕ ಪಟ್ಟಿಯ ಎಂಟನೆಯ ಮನೆಯಲ್ಲಿ ಕೊಂಬು ಇದೆ. ಅದರ ಮೇಲೆ ದೊಡ್ಡ ಪಟ್ಟಿಯಲ್ಲಿ ಹಲಂತದ ಗುರುತಿದೆ. ಹೊಂದಲಿಲ್ಲ. ನಮೂನೆಯಲ್ಲಿ ಹಲಂತ ಇರುವುದು ನಾಲ್ಕನೆಯ ಮನೆಯಲ್ಲಿ ಮಾತ್ರ. ಹಾಗಾದರೆ ಒಂದೊಂದೇ ಮನೆ ಸರಿಸುವುದೇಕೆ? ಹಲಂತದ ಕೆಳಗೆ ಹಲಂತ ಬರುವಂತೆ ಒಮ್ಮೆಲೇ ನಾಲ್ಕು ಮನೆ ಹಾರಿಸಿದರೆ ಎರಡನೆಯ ಯತ್ನದಲ್ಲಿಯೇ ಪದ ಸಿಕ್ಕಿಬಿಡುತ್ತದೆ! ಐದು ಯತ್ನದ ಕೆಲಸ ಎರಡಕ್ಕೆ ಮುಗಿಯಿತು. ದೊಡ್ಡ ಗ್ರಂಥಗಳಲ್ಲಿ ಹುಡುಕುವಾಗ ಇಂಥ ಹಾರಿಕೆಯಿಂದ ಬಹಳ ಸಮಯ ಉಳಿಯುತ್ತದೆ.

ಲೋಪಸಂಧಿ ತಂದ ನಷ್ಟ

ಈಗ ಕಳೆದುಹೋದ ಮೂವರನ್ನು ಹುಡುಕೋಣ. ಏಳನೆಯವರು ‘ರಾಣಿ’ ಎಂದು ಗುಡಿಸು ಬರೆದಿದ್ದಾರೆ. ನಮ್ಮ ನಮೂನೆಯಲ್ಲಿ ಏತ್ವವಿದೆ. ಅದು ಬರವಣಿಗೆಯ ವ್ಯತ್ಯಾಸ. ನಾಲ್ಕನೆಯವರು ಮತ್ತು ಒಂಬತ್ತನೆಯವರು ಊರಿನ ಹೆಸರನ್ನು ನಮ್ಮಂತೆಯೇ ಬರೆದಿದ್ದಾರೆ. ಆದರೂ ಅವರು ಎಣಿಕೆಗೆ ಸಿಕ್ಕಲಿಲ್ಲ. ಇದಕ್ಕೆ ಕಾರಣ ವ್ಯಾಕರಣ.

ಹಾವೇರಿ ಮತ್ತು ಬ್ಯಾಡಗಿ ಇಕಾರದಿಂದ ಮುಗಿಯುವ ಹೆಸರುಗಳು. ಇವುಗಳ ಮುಂದೆ ಸ್ವರ ಬಂದರೆ ನಡುವೆ ಯಕಾರ ಆಗಮವಾಗುತ್ತದೆ: ಹಾವೇರಿ + ಇಂದ = ಹಾವೇರಿಯಿಂದ; ಬ್ಯಾಡಗಿ + ಅವಳು = ಬ್ಯಾಡಗಿಯವಳು. ಆಗಮಸಂಧಿಯಲ್ಲಿ ಮೂಲ ಪದ ಪೂರ್ತಿಯಾಗಿ ಉಳಿಯುತ್ತದೆ. ಆದುದರಿಂದ ಯಂತ್ರಕ್ಕೆ ಅದು ಸಿಕ್ಕಿತು. ರಾಣೆಬೆನ್ನೂರು ಉಕಾರದಿಂದ ಮುಗಿಯುತ್ತದೆ. ರಾಣೆಬೆನ್ನೂರು + ಅಲ್ಲಿ = ರಾಣೆಬೆನ್ನೂರಲ್ಲಿ. ಇಲ್ಲಿ ಉಕಾರ ಲೋಪವಾಯಿತು. ಯಂತ್ರ ಹುಡುಕುತ್ತಿದ್ದುದು ಕೊಂಬನ್ನು; ಕೊಂಬು ಬಿದ್ದುಹೋಗಿದೆ. ಹನ್ನೆರಡರಲ್ಲಿ ಹನ್ನೊಂದು ಸಂಕೇತ ಹೊಂದಿದರೂ ಒಂದು ಹೊಂದದ ಕಾರಣ ಉತ್ತರ ‘ಇಲ್ಲ’. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಲೋಪ, ಆಗಮಗಳು ಒಂದು ಊರಿನ ಬಸ್ಸನ್ನು ತಪ್ಪಿಸಬಲ್ಲವು ಎಂದು ಯಾರು ಎಣಿಸಿದ್ದರು!

ಹಾಗಾದರೆ ನಮೂನೆಯನ್ನು ಹೇಗೆ ಆರಿಸಬೇಕು? ಪದದಲ್ಲಿ ಯಾವ ಭಾಗ ಬದಲಾಗುವುದಿಲ್ಲವೋ ಅದನ್ನು ಆರಿಸಬೇಕು. ‘ರಾಣೆ’, ‘ರಾಣಿ’ ಬದಲಾಗುತ್ತದೆ, ‘ಬೆನ್ನೂರು’ ಉಳಿಯುತ್ತದೆ. ಆದರೆ ಕೊನೆಯ ಕೊಂಬೂ ಬದಲಾಗುತ್ತದೆ. ಅದನ್ನು ತೆಗೆದು ‘ಬೆನ್ನೂರ’ ಎಂದು ಕೊಡೋಣ. ಯಂತ್ರದ ಲೆಕ್ಕದಲ್ಲಿ ‘ರು’, ‘ರಿ’, ‘ರ’ ಮೂರರಲ್ಲಿಯೂ ರ ಎಂಬ ಸಂಕೇತ ಇದ್ದೇ ಇದೆಯಷ್ಟೆ. ಈಗ ಓಡಿಸಿದರೆ ಎಣಿಕೆ 5 ಬರುತ್ತದೆ. ನಾಲ್ವರೂ ಸಿಕ್ಕರು, ಜೊತೆಗೆ ಒಬ್ಬರು ಹೆಚ್ಚಾಗಿ ಬಂದರು. ಅವರು ಆರನೆಯವರು, ಮೋಟೆಬೆನ್ನೂರಿನವರು. ಸ್ವಾತಂತ್ರ್ಯ ಹೋರಾಟದಲ್ಲಿ 1943ರಲ್ಲಿ ಹುತಾತ್ಮರಾದ ಮೈಲಾರ ಮಹದೇವಪ್ಪನವರ ಊರು ಅದು. ಇರುವುದು ಬ್ಯಾಡಗಿ ತಾಲ್ಲೂಕಿನಲ್ಲಿ. ಅದನ್ನು ರಾಣೆಬೆನ್ನೂರಿನ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ.

ಇಂಥಲ್ಲಿ ಎರಡು ‘ಕಂಟೇನ್ಸ್’ ಬ್ಲಾಕ್‌ಗಳನ್ನು ಕೂಡಿಸಬೇಕು. ‘ಬೆನ್ನೂರ ಇರಬೇಕು, ಮತ್ತು ಮೋಟೆ ಇರಬಾರದು’ ಎಂಬುದು ಒಂದು ದಾರಿ. ‘ರಾಣೆಬೆನ್ನೂರ ಇರಬೇಕು, ಅಥವಾ ರಾಣಿಬೆನ್ನೂರ ಇರಬೇಕು’ ಎಂಬುದು ಇನ್ನೊಂದು. ಇವಕ್ಕಾಗಿ ‘ಅಂಡ್’, ‘ಆರ್’, ‘ನಾಟ್’ ಎಂಬ ಹಸಿರು ಬ್ಲಾಕ್‌ಗಳಿವೆ. ಎರಡು ದಾರಿಯಲ್ಲಿಯೂ ಎಣಿಕೆ 4 ಬರುತ್ತದೆ. ಎರಡನೆಯದು ಹೆಚ್ಚು ಸುರಕ್ಷಿತ; ಏಕೆಂದರೆ ‘ಬೆನ್ನೂರು’ ಸೇರಿದ ಮತ್ತೊಂದು ಊರಿನ ಹೆಸರು ನಾಳೆ ಪಟ್ಟಿಗೆ ಬಂದರೆ ಮೊದಲನೆಯ ದಾರಿ ಮತ್ತೆ ತಪ್ಪುತ್ತದೆ.

ಬಲೆ ದೊಡ್ಡದಾದರೂ ಕಷ್ಟ

ನಮೂನೆಯನ್ನು ಚಿಕ್ಕದು ಮಾಡಿದಷ್ಟೂ ಹೆಚ್ಚು ಉತ್ತರಗಳು ಸಿಕ್ಕುತ್ತವೆ. ಆದರೆ ಬೇಡದವೂ ಬರುತ್ತವೆ. ಬ್ಯಾಡಗಿಯನ್ನು ಕೆಲವರು ‘ಬ್ಯಾಡ್ಗಿ’ ಎಂದೂ ಬರೆಯುವುದುಂಟು. ಎರಡಕ್ಕೂ ಹೊಂದಲೆಂದು ನೀವು ‘ಬ್ಯಾಡ’ ಎಂದು ನಮೂನೆ ಕೊಟ್ಟಿರಿ ಎನ್ನೋಣ. ನಮ್ಮ ಪಟ್ಟಿಯಲ್ಲಿ ಎಣಿಕೆ 3 ಬರುತ್ತದೆ! ಹತ್ತನೆಯವರು ಹಾವೇರಿಯವರು, ಅವರಿಗೆ ಬಸ್ಸೇ ಬೇಡ. ನಮ್ಮ ಕಡೆಯ ಮಾತಿನಲ್ಲಿ ‘ಬ್ಯಾಡ’ ಎಂದರೆ ಬೇಡ ಎಂದಲ್ಲವೆ? ಬೇಡವೆಂದವರನ್ನೇ ಬ್ಯಾಡಗಿಯ ಬಸ್ಸಿಗೆ ಹತ್ತಿಸಿದಂತಾಯಿತು.

ಬ್ಯಾಡಗಿಯ ಮೆಣಸಿನಕಾಯಿಯನ್ನೇ ನೋಡಿ. ಭೌಗೋಳಿಕ ಗುರುತು ಪಡೆದ, ಡಬ್ಬಿ ಮತ್ತು ಕಡ್ಡಿ ಎಂಬ ಬಗೆಗಳಿರುವ ಈ ಬೆಳೆಯ ಬಗ್ಗೆ ಒಂದು ಲೇಖನದಲ್ಲಿ ‘ಮೆಣಸು’ ಎಂದು ಹುಡುಕಿದರೆ ‘ಮೆಣಸಿನಕಾಯಿ’ ಸಿಕ್ಕುವುದಿಲ್ಲ; ಕೊಂಬು ಹೋಗಿ ಗುಡಿಸು ಬಂದಿದೆ. ‘ಮೆಣಸ’ ಎಂದು ಹುಡುಕಿದರೆ ಸಿಕ್ಕುತ್ತದೆ, ಆದರೆ ಮಲೆನಾಡಿನ ಕಾಳುಮೆಣಸೂ ಜೊತೆಗೆ ಬರುತ್ತದೆ. ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕೆಂಬುದನ್ನು ಮೀನು ಹಿಡಿಯುವವನೇ ನಿರ್ಧರಿಸಬೇಕು.

ಕಣ್ಣಿಗೆ ಕಾಣದ ವ್ಯತ್ಯಾಸಗಳು

ಇನ್ನು ಕೆಲವು ತೊಡಕುಗಳು ಕಣ್ಣಿಗೆ ಕಾಣುವುದೇ ಇಲ್ಲ. ಮೊದಲನೆಯದಾಗಿ, ‘ವೇ’ ಎಂಬುದರ ಏತ್ವದ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು; ಏತ್ವ ಮತ್ತು ದೀರ್ಘ ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ‘ಹಾವೇರಿ’ಯೇ. ಒಂದರ ಉದ್ದ 6, ಇನ್ನೊಂದರದು 7. ಒಂದನ್ನು ಕೊಟ್ಟು ಇನ್ನೊಂದನ್ನು ಹುಡುಕಿದರೆ ಉತ್ತರ ‘ಇಲ್ಲ’. ಅನುಮಾನ ಬಂದಾಗ ಉದ್ದದ ಬ್ಲಾಕ್‌ನಿಂದ ಅಳೆದು ನೋಡಿದರೆ ಗುಟ್ಟು ಹೊರಬೀಳುತ್ತದೆ.

ಎರಡನೆಯದಾಗಿ, ಯೂನಿಕೋಡ್ ಬಳಕೆ ಹರಡುವುದಕ್ಕೆ ಮೊದಲು ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಿವೆ. ಅವುಗಳಲ್ಲಿ ಕನ್ನಡ ಅಕ್ಷರದ ಭಾಗಗಳನ್ನು ರೋಮನ್ ಲಿಪಿಯ ಸಂಕೇತಗಳ ಜಾಗದಲ್ಲಿ ಕೂರಿಸಲಾಗಿತ್ತು. ತಕ್ಕ ಅಕ್ಷರಶೈಲಿ ಇದ್ದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ, ಒಳಗಿರುವುದು ಬೇರೆ. ಅಂಥ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಹುಡುಕಿದರೆ ಒಂದು ಪದವೂ ಸಿಕ್ಕದು.

ಮೂರನೆಯದಾಗಿ, ನಮೂನೆಯ ಜಾಗವನ್ನು ಖಾಲಿ ಬಿಟ್ಟರೆ ಸ್ಕ್ರ್ಯಾಚ್ ಎಲ್ಲ ಬರಹಕ್ಕೂ ‘ಇದೆ’ ಎನ್ನುತ್ತದೆ. ಹತ್ತಕ್ಕೆ ಹತ್ತೂ ಎಣಿಕೆಯಾಗುತ್ತವೆ. ನಾಲ್ಕನೆಯದಾಗಿ, ಪಟ್ಟಿಗಳಿಗೆ ಸೇರಿದ ‘ಕಂಟೇನ್ಸ್’ ಎಂಬ ಇನ್ನೊಂದು ಬ್ಲಾಕ್ ಇದೆ. ಅದು ಪಟ್ಟಿಯ ಒಂದು ಪೂರ್ತಿ ಸಾಲು ನಮೂನೆಗೆ ಸಮನಾಗಿದೆಯೆ ಎಂದು ನೋಡುತ್ತದೆ, ಸಾಲಿನ ಒಳಗೆ ಹುಡುಕುವುದಿಲ್ಲ. ಹೆಸರು ಒಂದೇ ಆದರೂ ಕೆಲಸ ಬೇರೆ. ಬಣ್ಣವನ್ನು ನೋಡಿ ಆರಿಸಿಕೊಳ್ಳಬೇಕು.

ಪದವಲ್ಲ, ಪದದ ಆಕಾರ

ಇಂಜಿನಿಯರಿಂಗ್ ಓದುವವರು ‘ಲ್ಯಾಬ್‌ವ್ಯೂ’ ಎಂಬ ಇನ್ನೊಂದು ಚಿತ್ರಭಾಷೆಯನ್ನು ಕಂಡಿರಬಹುದು. ಅಮೆರಿಕದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1986ರಲ್ಲಿ ಹೊರತಂದ ಇದರಲ್ಲಿ ಬ್ಲಾಕ್‌ಗಳನ್ನು ಒತ್ತಿ ಕೂಡಿಸುವುದಿಲ್ಲ. ತಂತಿ ಎಳೆದಂತೆ ಗೆರೆಗಳಿಂದ ಜೋಡಿಸುತ್ತಾರೆ. ಅಳತೆಯ ಉಪಕರಣಗಳು ಕಳಿಸುವ ಸಂದೇಶವನ್ನು ಓದಲು ಇದು ಬಳಕೆಯಲ್ಲಿದೆ. ಮೆಣಸಿನಕಾಯಿ ಇಡುವ ಶೀತಲಗೃಹದ ಒಂದು ಉಪಕರಣ ‘ಕೋಣೆ 7 ತಾಪ 4.2’ ಎಂಬ ಅರ್ಥದ ಸಾಲನ್ನು ಕಳಿಸುತ್ತದೆ ಎನ್ನೋಣ. ನಾಳೆ ಅದು 5.1 ಆಗಬಹುದು, 12.6 ಆಗಬಹುದು. ಇಲ್ಲಿ ಹುಡುಕಬೇಕಾದುದು ಒಂದು ನಿರ್ದಿಷ್ಟ ಸಂಖ್ಯೆಯನ್ನಲ್ಲ. ‘ತಾಪ, ಅನಂತರ ಒಂದು ಖಾಲಿ ಜಾಗ, ಅನಂತರ ಒಂದೋ ಹೆಚ್ಚೋ ಅಂಕಿ, ಒಂದು ಚುಕ್ಕೆ, ಮತ್ತೊಂದು ಅಂಕಿ’ ಎಂಬ ಆಕಾರವನ್ನು. ಇದು ಪೂರ್ಣಾರ್ಥದಲ್ಲಿ ನಮೂನೆ.

ಲ್ಯಾಬ್‌ವ್ಯೂದ ‘ಮ್ಯಾಚ್ ಪ್ಯಾಟರ್ನ್’ ಎಂಬ ಘಟಕ ಇಂಥ ಆಕಾರವನ್ನು ಹುಡುಕಿ, ಅದರ ಹಿಂದಿನ ಭಾಗ, ಹೊಂದಿದ ಭಾಗ, ಮುಂದಿನ ಭಾಗ ಮೂರನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ಹೊಂದಿದ ಭಾಗ ಎಲ್ಲಿ ಮುಗಿಯಿತೆಂಬುದನ್ನು ಒಂದು ಸಂಖ್ಯೆಯಿಂದ ಹೇಳುತ್ತದೆ. ಸಿಕ್ಕದಿದ್ದರೆ ಆ ಸಂಖ್ಯೆ -1. ಸ್ಕ್ರ್ಯಾಚ್‌ನ ಹಸಿರು ಬ್ಲಾಕ್‌ಗೆ ಈ ಸಾಮರ್ಥ್ಯವಿಲ್ಲ. ಅದು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹುಡುಕುತ್ತದೆ.

‘ಇಲ್ಲ’ ಎಂಬುದರ ಅರ್ಥ

ಮಿತ್ರರೆ, ಇಷ್ಟರಿಂದ ಒಂದು ಮಾತು ಸ್ಪಷ್ಟವಾಗಿರಬೇಕು. ಗಣಕಯಂತ್ರ ‘ಇಲ್ಲ’ ಎಂದಾಗ ಅದು ಹೇಳುತ್ತಿರುವುದು ‘ನೀನು ಕೊಟ್ಟ ಸಂಕೇತಗಳು, ನೀನು ಕೊಟ್ಟ ಕ್ರಮದಲ್ಲಿ, ಈ ಬರಹದಲ್ಲಿ ಇಲ್ಲ’ ಎಂದು ಮಾತ್ರ. ‘ನೀನು ಹುಡುಕುವ ಮನುಷ್ಯ ಇಲ್ಲ, ಊರು ಇಲ್ಲ’ ಎಂದು ಅದು ಹೇಳುತ್ತಿಲ್ಲ. 1997ಕ್ಕೆ ಮೊದಲಿನ ಕಾಗದಪತ್ರಗಳಲ್ಲಿ ‘ಹಾವೇರಿ ಜಿಲ್ಲೆ’ ಎಂದು ಹುಡುಕಿದರೆ ಸಿಕ್ಕುವುದಿಲ್ಲ. ಊರುಗಳೆಲ್ಲ ಇದ್ದೇ ಇದ್ದವು, ಆದರೆ ಆಗ ಅವು ಧಾರವಾಡ ಜಿಲ್ಲೆಗೆ ಸೇರಿದ್ದವು.

ಇಂದು ವಿದ್ಯಾರ್ಥಿವೇತನದ ಪಟ್ಟಿ, ಮತದಾರರ ಪಟ್ಟಿ, ಜಮೀನಿನ ಪಹಣಿ ಎಲ್ಲವೂ ಗಣಕಯಂತ್ರದೊಳಗೆ ಸೇರಿವೆ. ಒಂದು ದೀರ್ಘ ಹೆಚ್ಚಾಗಿ, ಒಂದು ಕೊಂಬು ಕಡಿಮೆಯಾಗಿ ಯಾರದೋ ಹೆಸರು ಸಿಕ್ಕದೆ ಹೋದರೆ ಅವರು ಬರಿಗೈಲಿ ಮನೆಗೆ ಮರಳಬೇಕಾಗುತ್ತದೆ. ನಾಳೆ ಅಂಥ ಪ್ರೋಗ್ರಾಂ ಬರೆಯುವವರು ನಿಮ್ಮಲ್ಲಿಯೇ ಇದ್ದೀರಿ. ಪರದೆಯ ಮೇಲೆ ‘ಇಲ್ಲ’ ಎಂದು ಬಂದಾಗ ‘ಬೇರೆ ರೀತಿಯಲ್ಲಿ ಬರೆದಿರಬಹುದೆ?’ ಎಂದು ಇನ್ನೊಮ್ಮೆ ಹುಡುಕಿ ನೋಡುವ ಅಭ್ಯಾಸವನ್ನು ಇಂದೇ ಬೆಳೆಸಿಕೊಳ್ಳಿ.

ನೀವೇ ಮಾಡಿ ನೋಡಿ

1. ನಿಮ್ಮ ಊರಿನ ಹೆಸರಿನಲ್ಲಿ ಎಷ್ಟು ಅಕ್ಷರ, ಎಷ್ಟು ಸಂಕೇತ ಎಂದು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಅನಂತರ ಉದ್ದದ ಬ್ಲಾಕ್‌ನಿಂದ ತಾಳೆ ನೋಡಿ.

2. ‘ಮಳೆಗಾಲ’ ಎಂಬುದರಲ್ಲಿ ‘ಕಾಲ’ ಸಿಕ್ಕುವುದೆ? ಇಲ್ಲಿ ಯಾವ ಸಂಧಿ ಅಡ್ಡಬಂದಿದೆ?

3. ಹತ್ತು ಉತ್ತರಗಳ ಪಟ್ಟಿಗೆ ‘ರಾಣೆ ಬೆನ್ನೂರು’ ಎಂದು ನಡುವೆ ಜಾಗ ಬಿಟ್ಟು ಬರೆದ ಹನ್ನೊಂದನೆಯ ಉತ್ತರವನ್ನು ಸೇರಿಸಿ. ಮೇಲೆ ಹೇಳಿದ ಎರಡು ದಾರಿಗಳಲ್ಲಿ ಯಾವುದು ಈಗ ಸರಿಯಾದ ಎಣಿಕೆ ಕೊಡುತ್ತದೆ? ಇನ್ನೊಂದನ್ನು ಹೇಗೆ ತಿದ್ದುವಿರಿ?